ಇಪ್ಪತ್ತೈದಕ್ಕೂ ನಲವತ್ತಕ್ಕೂ ನಡುವೆ

ಚಳಿ ಗಟ್ಟಿಯಾದ ವರ್ಷ
ಹೀಯುಮಾ ದ್ವೀಪಕ್ಕೆ ಕಡಲೇ ದಾರಿ.
ದಡದ ಗೇಟಿನ ಪಕ್ಕ ಹಲಗೆ ನೆಟ್ಟಿರುತ್ತಾರೆ:
ಸೀಟ್ ಬೆಲ್ಟ್ ಕಟ್ಟಬೇಡಿ.
ಮುಂದಿನ ಕಾರು ದೂರ ಹೋಗಲಿ, ಕಾಯಿರಿ.
ಇಪ್ಪತ್ತೈದಕ್ಕೂ ನಲವತ್ತಕ್ಕೂ ನಡುವಿನ ವೇಗ ನಿಷೇಧ.

ಹೊಸಬರು ಫೋಟೊ ತೆಗೆದು ನಗುತ್ತಾರೆ.
ನಿಧಾನ ಅಂದರೆ ಅರ್ಥವಾಗುತ್ತದೆ, ಬೇಗ ಅಂದರೂ ಸರಿ,
ನಡುವೆ ಮಾತ್ರ ಬೇಡ ಅಂದರೆ?

ಆ ಗೇಟನ್ನು ಎತ್ತುವುದೂ ಇಳಿಸುವುದೂ ನನ್ನ ಕೋಡು.
ನನ್ನದು ಅನ್ನುವುದು ಬಾಯಿಮಾತು. ಎಂಡೆಲ್ ಬರೆದದ್ದು,
ಅವನು ನಿವೃತ್ತನಾದ ಮೇಲೆ ನನ್ನ ಮಡಿಲಿಗೆ ಬಿದ್ದದ್ದು.
ಮಂಜುಗಡ್ಡೆಯ ದಪ್ಪ, ಗಾಳಿ, ನೀರಿನ ಮಟ್ಟ ಓದಿಕೊಂಡು
ತೆರೆ ಅಥವಾ ಮುಚ್ಚು ಎಂದಷ್ಟೇ ಹೇಳಲು
ಎರಡು ಸಾವಿರ ಸಾಲು.

ನಾನು ಬರೆಯುವುದಕ್ಕಿಂತ ಅಳಿಸುವುದರಲ್ಲಿ ಸುಖ ಕಂಡವಳು.
ಅಡುಗೆಮನೆಯ ಡ್ರಾಯರಿನಲ್ಲೂ ಅಷ್ಟೆ,
ಯಾವ ಬೀಗದ್ದೆಂದು ತಿಳಿಯದ ಕೀಲಿ ಇಟ್ಟುಕೊಳ್ಳುವುದಿಲ್ಲ.
ಹೆಸರು ಓದಿದರೆ ಕೆಲಸ ತಿಳಿಯಬೇಕು.
ಜಾಣತನ ಮೆರೆಯುವ ಸಾಲು ಕಂಡರೆ,
ಊಟದ ಮೇಜಿನಲ್ಲಿ ತನ್ನ ಸಂಬಳ ಹೇಳುವ ನೆಂಟನನ್ನು ಕಂಡ ಹಾಗೆ
ಮುಖ ತಿರುಗಿಸುತ್ತೇನೆ.

ಹೀಗಿರುವಾಗ ಸಿಕ್ಕಿತು ಆ ಸಾಲು:
ನೈಋತ್ಯದ ಗಾಳಿ ಮೂರು ದಿನ ಬೀಸಿದ್ದರೆ
ಗಡ್ಡೆ ಎಷ್ಟೇ ದಪ್ಪವಿರಲಿ, ಮುಚ್ಚು.
ಪಕ್ಕದಲ್ಲಿ ಟಿಪ್ಪಣಿ: ಮುಟ್ಟಬೇಡಿ. ಎಂ.
ಟಿಪ್ಪಣಿಯೆ ಇದು? ಗದರಿಕೆ.

ಅಳಿಸಿದೆ.
ಟೆಸ್ಟುಗಳು ಒಂದೂ ತಪ್ಪದೆ ಹಸಿರು.
ನನಗೆ ಕೋಡು ಮೂಡಿತು.

ಆದರೂ ಕಳಿಸಲಿಲ್ಲ. ಧೈರ್ಯ ಸಾಲದೆ ಅಲ್ಲ.
ಸುಳ್ಳು. ಧೈರ್ಯ ಸಾಲದೆಯೇ.
ಶನಿವಾರ ಎಂಡೆಲ್‌ನನ್ನು ಕೇಳಿಬರಲು ಕಾರು ತೆಗೆದೆ,
ನನ್ನದೇ ಕೋಡು ಎತ್ತಿದ ಗೇಟಿನ ಕೆಳಗೆ ಹಾದು.
ಬೆಲ್ಟ್ ಬಿಚ್ಚಿ, ಮುಳ್ಳು ಇಪ್ಪತ್ತಮೂರು, ಕಿಟಕಿ ಅರ್ಧ ಇಳಿಸಿ.
ಗಡ್ಡೆ ಒಳಗೊಳಗೇ ಗುಂಯ್‌ಗುಡುತ್ತಿತ್ತು, ಬಿಗಿದ ತಂತಿಯ ಹಾಗೆ.
ಆ ನಡುವಿನ ವೇಗಕ್ಕೆ ಅಡಿಯ ನೀರಿನಲ್ಲಿ ಅಲೆ ಏಳುತ್ತದೆ,
ಕಾರಿನ ಜತೆಗೇ ಓಡುತ್ತ ಬಲಿಯುತ್ತದೆ,
ಗಡ್ಡೆ ಸೀಳುತ್ತದೆ.
ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು.
ಹಾಗಾಗಿ ಆ ಹಲಗೆ ನೋಡಿ
ನಾನೆಂದೂ ನಕ್ಕವಳಲ್ಲ.

ಎಂಡೆಲ್ ಕನ್ನಡಕ ಏರಿಸಿ ಪರದೆಯನ್ನು ತುಂಬಾ ಹೊತ್ತು ನೋಡಿದ.
"ನಾನೇ ಬರೆದದ್ದು," ಅಂದ. "ಯಾಕೆ ಅಂತ ನೆನಪಿಲ್ಲ."
ಹೊಗೆಗಿಟ್ಟ ಮೀನಿನ ತಟ್ಟೆ ನನ್ನ ಕಡೆ ತಳ್ಳಿ
ಕಿಟಕಿಯಾಚೆ ನೋಡುತ್ತ ಕುಳಿತ.

ಒಲೆಗೆ ಸೌದೆ ಒಡ್ಡುತ್ತಿದ್ದಳು ಅವನ ಹೆಂಡತಿ ಲೈನೆ
(ನಮ್ಮಲ್ಲಿ ಆ ಹೆಸರಿಗೆ ಅಲೆ ಎಂದರ್ಥ).
ತಿರುಗದೆಯೇ ಹೇಳಿದಳು:
"ನಾನು ಹೇಳಿದ್ದೆ ಕಣೋ. ಆ ಗಾಳಿಗೆ ನೀರು ಉಬ್ಬುತ್ತೆ.
ನಡುಗಡಲಿನ ಗಡ್ಡೆಗೆ ಏನೂ ಆಗಲ್ಲ,
ದಡದ ಅಂಚಲ್ಲಿ ಎದ್ದು ಬಿರುಕು ಬಿಡುತ್ತೆ.
ನಿಮ್ಮ ಯಂತ್ರ ಅಳೆಯೋದು ನಡುವೆ ತಾನೆ?
ನಮ್ಮಣ್ಣನ ಹಾಲಿನ ಲಾರಿ
ಮನೆ ದೀಪ ಕಾಣೋವಷ್ಟು ಹತ್ತಿರ ಬಂದು ಮುಳುಗಿತು.
ಅವನು ತೆವಳಿಕೊಂಡು ಬಂದ.
ಕ್ಯಾನುಗಳು ವಸಂತದಲ್ಲಿ ಬಂದವು,
ಮುಚ್ಚಳ ಭದ್ರವಾಗೇ ಇತ್ತು."

ಸೋಮವಾರ ಸಾಲನ್ನು ಮರಳಿ ಇಟ್ಟೆ.
ಅದರ ತಲೆಯ ಮೇಲೆ ಹನ್ನೊಂದು ಸಾಲು ಟಿಪ್ಪಣಿ:
ಗಾಳಿ, ಉಬ್ಬುವ ನೀರು, ಯಂತ್ರ ನೆಟ್ಟಿರುವ ಜಾಗ,
ಹಾಲಿನ ಲಾರಿ, ಹೇಳಿದವರು ಲೈನೆ, ನಾನು ಕೇಳಿಸಿಕೊಂಡ ತಾರೀಕು.
ಒಂದು ಟೆಸ್ಟ್ ಕೂಡ, ಹೆಸರೇ ವಾಕ್ಯದಷ್ಟು ಉದ್ದ.

ಟಾವಿ ಓದಿ ನೋಡಿ ಬರೆದ:
ಕೋಡು ಒಂದು ಸಾಲು, ಕತೆ ಹನ್ನೊಂದು. ಕತ್ತರಿಸೋಣವೆ?
ಚಿಕ್ಕ ಹುಡುಗ, ಕೈ ಚುರುಕು,
ಅಳಿಸುವ ಸುಖ ಅವನಿಗೂ ಹತ್ತಿದೆ.
ಬರುವ ಶನಿವಾರ ಬಿಡುವೇ ಎಂದು ಕೇಳಿದೆ.
ಬೆಚ್ಚಗೆ ಹೊದ್ದು ಬಾ, ಅಂದೆ,
ಕಿಟಕಿ ತೆರೆದೇ ಇರುತ್ತದೆ.